ಎಡಿಟರ್ ಬಣ್ಣ ಅಂದ್ರೆ ಸಿಂಗಾರ ಅಲ್ರಿ

ಹೋದ ಭಾನುವಾರ ಮೈದುನ ಬೆಂಗಳೂರಿಂದ ಬಂದಿದ್ದ. ಅವನೂ ಸಾಫ್ಟ್‌ವೇರ್, ನಾನೂ ಸಾಫ್ಟ್‌ವೇರ್. ಅವನು ಅಲ್ಲಿ ಆಫೀಸಿನಾಗೆ ಏಸಿ ಕೆಳಗೆ ಕೂತು ಮಾಡ್ತಾನೆ. ನಾನು, ಮಾವಾರಿಗೆ ಆರಾಮಿಲ್ದಂಗಾದಾಗಿಂದ, ಸೂಳೆಕೆರೆ ಪಕ್ಕದ ಈ ಊರಾಗೆ ಪಡಸಾಲ್ಯಾಗೆ ಕೂತು ಮಾಡ್ತೀನಿ. ಅವತ್ತು ರೊಟ್ಟಿ ಬಡಿಯೋದ್ರ ನಡುವೆ ಒಂಚೂರು ಪುರುಸೊತ್ತು ಸಿಕ್ತು ಅಂತ ಲ್ಯಾಪ್‌ಟಾಪ್ ತಗದು, ವಿಎಸ್ ಕೋಡ್ ಎಡಿಟರಿನ ಬಣ್ಣ, ಅಕ್ಷರ ಎಲ್ಲಾನೂ ಉಬುಂಟು ಹೆಂಗೈತೋ ಹಂಗೆ ಹೊಂದಿಸ್ತಾ ಕೂತಿದ್ದೆ. ಹಿಂದೆ ಬಂದು ನಿಂತು ಇಣುಕಿದ.

"ಏನತ್ಗೆ, ಇನ್ನೂ ಬಣ್ಣ ಬಳ್ಕಂತ ಕೂತೀರಾ? ಬಣ್ಣ ಬದ್ಲಾದ್ರೆ ಕೋಡು ಜೋರಾಗಿ ಓಡ್ತೈತಾ?"

ಅವತ್ತು ಜವಾಬು ಕೊಡ್ಲಿಲ್ಲ. ಹೆಂಚಿನ ಮ್ಯಾಲೆ ರೊಟ್ಟಿ ಇತ್ತು. ಇವತ್ತು ಕೊಡ್ತೀನಿ, ಯಾಕಂದ್ರೆ ಈ ಮಾತು ಅವನೊಬ್ಬನದಲ್ಲ. ಟೀಮಿನಾಗೆ ಹುಡುಗ್ರೂ ಅಂತಾರೆ. ಎರಡು ವರ್ಷದ ಹಿಂದೆ ನಾನೇ ನನ್ನ ಮಗಳಿಗೆ ಅಂದಿದ್ದೆ, ಅದರ ಕತೆ ಆಮ್ಯಾಲೆ ಹೇಳ್ತೀನಿ.

ಕಂಪ್ಯೂಟರ್ ಕ್ಯಾಮೆ ಗೊತ್ತಿಲ್ಲದ ಅಕ್ಕಾರಿಗೆ ಒಂದು ಮಾತು. ಆಪರೇಟಿಂಗ್ ಸಿಸ್ಟಮ್ ಅಂದ್ರೆ ಮನೆ ಅನ್ಕಳ್ರಿ. ಕೋಡ್ ಎಡಿಟರ್ ಅಂದ್ರೆ ಆ ಮನ್ಯಾಗಿನ ಒಂದು ಕೋಣೆ, ನಾವು ಪ್ರೋಗ್ರಾಂ ಬರೆಯೋರು ದಿನಕ್ಕೆ ಎಂಟೊಂಬತ್ತು ತಾಸು ಕೂರೋ ಕೋಣೆ. ಮನೆಗೆಲ್ಲ ಸುಣ್ಣ ಹೊಡೆದು ಈ ಒಂದು ಕೋಣೆ ಮಾತ್ರ ಮಸಿ ಹಿಡಿದಂಗಿದ್ರೆ ಹೆಂಗೆ? ಬಾಗಿಲು ದಾಟಿದಾಗೆಲ್ಲ ಕಣ್ಣು ಕತ್ಲಿ ಕಟ್ತೈತೆ. ಇಲ್ಲೂ ಅಷ್ಟೇ. ಬ್ರೌಸರ್ ಬೆಳ್ಳಗೆ, ಮೇಲ್ ಬೆಳ್ಳಗೆ, ಎಡಿಟರ್ ಕರ್ರಗೆ. ಇದ್ರಿಂದ ಅದಕ್ಕೆ, ಅದ್ರಿಂದ ಇದಕ್ಕೆ ದಿನಕ್ಕೆ ನೂರಾರು ಸಲ ಜಿಗೀತೀವಿ. ಜಿಗಿದಾಗೆಲ್ಲ ಕಣ್ಣಿನ ಪಾಪೆ ಹಿಗ್ಗಬೇಕು, ಕುಗ್ಗಬೇಕು. ಸಂಜಿಗೆ ತಲೆಶೂಲೆ ಬಂದಾಗ ಮಾತ್ರ ಚಾ ಕುಡಿದು ಝಂಡು ಬಾಮ್ ಹಚ್ಕಂತೀವಿ.

ಬಣ್ಣದಾಗೆ ಏನೈತೆ ಅಂತ ಚನ್ನಗಿರಿ ಕಡೆ ಹುಡುಗ ಕೇಳ್ತಾನಲ್ಲ, ಅದು ನನಗೆ ನಗು ತರ್ಸೋದು. ಇದೇ ಮೈದುನ ಸಣ್ಣವನಿದ್ದಾಗ ಅಡಿಕೆ ಬೇಯಿಸೋ ಹಂಡೆ ಪಕ್ಕ ಕೂತು ಬೆಳೆದವನು. ಅಡಿಕೆ ಬೇಯಿಸಿದ ನೀರು ಮಂದ ಆಗ್ತಾ ಆಗ್ತಾ ಚೊಗರು ಆಗ್ತೈತೆ, ಅದನ್ನ ಹದವಾಗಿ ಬಳಸಿದ್ರೆ ಅಡಿಕೆಗೆ ಕೆಂಪು ಬರ್ತೈತೆ, ಹೊಳಪು ಬರ್ತೈತೆ. ಮಂಡಿಗೆ ಹೋದ ಮ್ಯಾಲೆ ಖರೀದಿದಾರ ಮೊದಲು ಮಾಡೋದೇನು? ಒಂದು ಹಿಡಿ ಎತ್ತಿ ಬೆಳಕಿಗೆ ಹಿಡಿದು ಬಣ್ಣ ನೋಡೋದು. ಬಣ್ಣ ಸರಿ ಬಂದಿಲ್ಲ ಅಂದ್ರೆ ರೇಟು ಬೀಳ್ತೈತೆ. ಆಗ ಯಾರೂ "ಬಣ್ಣ ಬದ್ಲಾದ್ರೆ ಅಡಿಕೆ ಜೋರಾಗಿ ಅಗಿಯಾಕೆ ಬರ್ತೈತಾ" ಅಂತ ಕೇಳಲ್ಲ. ಬೇಯಿಸಿದ ಹದ ಸರಿ ಐತೋ ಇಲ್ಲೋ ಅನ್ನೋದನ್ನ ಬಣ್ಣವೇ ಹೇಳ್ತೈತೆ ಅಂತ ಎಲ್ರಿಗೂ ಗೊತ್ತು. ಎಡಿಟರಿನಾಗೂ ಬಣ್ಣ ಅದನ್ನೇ ಮಾಡೋದು. ಇದು ಪದ, ಇದು ಸಂಖ್ಯೆ, ಇದು ಟಿಪ್ಪಣಿ, ಇಲ್ಲಿ ಉದ್ಧರಣ ಚಿಹ್ನೆ ಮುಚ್ಚಿಲ್ಲ ನೋಡು ಅಂತ ಬಣ್ಣವೇ ಹೇಳಬೇಕು. ಅದು ಕಾಣಲಿಲ್ಲ ಅಂದ್ರೆ ತಪ್ಪು ಹುಡುಕಾಕೆ ಅರ್ಧ ದಿನ ಹೋಗ್ತೈತೆ.

ಇನ್ನು ಈ ಕಪ್ಪು ಬಣ್ಣದ ಜಂಬ. ನಿಜವಾದ ಪ್ರೋಗ್ರಾಮರ್ ಅಂದ್ರೆ ಡಾರ್ಕ್ ಥೀಮೇ ಹಾಕ್ಕಬೇಕು, ಬಿಳಿ ಹಾಕ್ಕಂಡೋರು ಎಳಸು ಅನ್ನೋ ಒಂದು ಭಾವನೆ ಐತೆ. ಎಲ್ಲಿಂದ ಬಂತ್ರಿ ಇದು? ಹಳೇ ಕಾಲದ ಟರ್ಮಿನಲ್ ಪರದೆಯಾಗೆ ಫಾಸ್ಫರ್ ಲೇಪ ಬೆಳಗಿದ ಕಡೆ ಮಾತ್ರ ಹಸಿರು ಅಕ್ಷರ ಕಾಣ್ತಿತ್ತು, ಉಳಿದದ್ದು ಕಪ್ಪು. ಅದು ಯಾರೋ ಇಷ್ಟಪಟ್ಟು ಆರಿಸಿದ್ದಲ್ಲ, ಆ ಯಂತ್ರದ ಕೈಲಿ ಆಗ್ತಿದ್ದದ್ದು ಅಷ್ಟೇ. ಕಾಗದದಂಗೆ ಕಾಣಬೇಕು ಅಂತ 1981ರಾಗೆ ಜೆರಾಕ್ಸ್ ಸ್ಟಾರ್, 1984ರಾಗೆ ಮ್ಯಾಕಿಂಟಾಷ್ ಬಿಳಿ ಮ್ಯಾಲೆ ಕಪ್ಪು ಅಕ್ಷರ ತಂದವು. ಅದು ಮುಂದಕ್ಕೆ ಇಟ್ಟ ಹೆಜ್ಜೆ ಆಗಿತ್ತು. ಈಗ ಹಿಂದಿನದ್ದೇ ದೊಡ್ಡಸ್ತಿಕೆ ಆಗೈತೆ.

2013ರಾಗೆ ಜರ್ಮನಿಯ ಡಸೆಲ್‌ಡಾರ್ಫ್ ವಿಶ್ವವಿದ್ಯಾಲಯದೋರು ಇದನ್ನ ಪರೀಕ್ಷೆ ಮಾಡಿ ನೋಡ್ಯಾರೆ. ಹರೇದೋರಾಗಲಿ ವಯಸ್ಸಾದೋರಾಗಲಿ, ಬಿಳಿ ಮ್ಯಾಲೆ ಕಪ್ಪು ಅಕ್ಷರ ಇದ್ದಾಗಲೇ ಚೆನ್ನಾಗಿ ಓದ್ತಾರೆ, ತಪ್ಪು ಹಿಡೀತಾರೆ ಅಂತ ಬಂತು. ಪರದೆ ಬೆಳ್ಳಗಿದ್ರೆ ಕಣ್ಣಿನ ಪಾಪೆ ಸಣ್ಣದಾಗ್ತೈತೆ, ಚಿತ್ರ ಚೂಪಾಗಿ ಬೀಳ್ತೈತೆ, ಅದೇ ಕಾರಣ. ನನ್ನ ಕಣ್ಣಿಗಂತೂ ಸಿಲಿಂಡರ್ ಪವರ್ ಐತೆ. ಕಪ್ಪಿನ ಮ್ಯಾಲೆ ಬಿಳಿ ಅಕ್ಷರ ನೋಡಿದ್ರೆ ಒಂದೊಂದು ಅಕ್ಷರಕ್ಕೂ ಮಂಜು ಕವಿದಂಗೆ ಕಾಣ್ತೈತೆ. ಕನ್ನಡಕ ಬದ್ಲಿ ಮಾಡಿದ್ದೆ, ಎಡಿಟರ್ ಬದ್ಲಿ ಮಾಡಿರ್ಲಿಲ್ಲ. ನನ್ನಂಥ ದಡ್ಡಿ ಇನ್ನೊಬ್ಬಾಕಿ ಇಲ್ಲ.

"ಕರೆಂಟ್ ಹೋದಾಗ ಬ್ಯಾಟರಿ ಉಳೀತೈತೆ, ಅದಕ್ಕೇ ಡಾರ್ಕ್" ಅಂತ ಮೈದುನ ಇನ್ನೊಂದು ಬಿಟ್ಟ. ಅದು ಓಎಲ್‌ಇಡಿ ಪರದೆ ಇರೋ ಫೋನಿನ ಮಾತಪ್ಪಾ. ಅಲ್ಲಿ ಕಪ್ಪು ಅಂದ್ರೆ ಆ ಚುಕ್ಕಿ ಆರಿದಂಗೆ. ನನ್ನ ಲ್ಯಾಪ್‌ಟಾಪ್ ಎಲ್‌ಸಿಡಿ. ಹಿಂದಿನ ದೀಪ ಹೆಂಗಿದ್ರೂ ಉರೀತಾ ಇರ್ತೈತೆ, ಮುಂದೆ ಕರೀ ಪರದೆ ಇಳಿಬಿಟ್ರೂ ಉರೀತೈತೆ. ಉಳಿಸಬೇಕಂದ್ರೆ ಪರದೆ ಬೆಳಕು ತಗ್ಗಿಸಬೇಕು, ಅಷ್ಟೇ.

ಹಂಗಂತ ಡಾರ್ಕ್ ಬ್ಯಾಡವೇ ಬ್ಯಾಡ ಅಂತಲೂ ನಾನು ಹೇಳ್ತಿಲ್ಲ. ನಮ್ಮ ಪಡಸಾಲ್ಯಾಗೆ ಹನ್ನೊಂದು ಗಂಟಿಗೆ ಅಂಗಳದ ಬಿಸಿಲು ಒಳಗೆ ನುಗ್ತೈತೆ. ಆ ಹೊತ್ತಿನಾಗೆ ಕರೀ ಪರದೆ ಅಂದ್ರೆ ಕನ್ನಡಿ. ಕೋಡ್ ಬದ್ಲಿ ನನ್ನ ಮುಖ, ಬೆನ್ನ ಹಿಂದೆ ಒಣಗಾಕಿದ ಅಡಿಕೆ, ಅದನ್ನ ಕೆದಕೋ ಕೋಳಿ ಎಲ್ಲಾ ಕಾಣ್ತೈತೆ. ರಾತ್ರಿ ಮಾವಾರು ಮಲಗಿದ ಮ್ಯಾಲೆ ಒಳಗಿನ ಕೋಣ್ಯಾಗೆ ಲೈಟ್ ಆರಿಸಿ ಕೂತ್ರೆ, ಬಿಳೀ ಪರದೆ ಅವರ ಮುಖಕ್ಕೆ ಬ್ಯಾಟ್ರಿ ಬಿಟ್ಟಂಗೆ ಹೊಡೀತೈತೆ. ಆಗ ಕಪ್ಪೇ ಬೇಕು. ಅಂದ್ರೆ ಯಾವ ಬಣ್ಣ ಅಂತ ತೀರ್ಮಾನ ಮಾಡಬೇಕಾದದ್ದು ಜಂಬ ಅಲ್ಲ, ಹೊತ್ತು ಮತ್ತು ಕೂತ ಜಾಗ. ಆ ತೀರ್ಮಾನ ಒಂದೇ ಕಡೆ ಆಗಬೇಕು, ಆಪರೇಟಿಂಗ್ ಸಿಸ್ಟಮಿನಾಗೆ. ಉಳಿದವೆಲ್ಲ ಅದರ ಮಾತು ಕೇಳಬೇಕು.

ಸೂಳೆಕೆರೆ ನೋಡಿದೋರಿಗೆ ಇದು ಬಿಡಿಸಿ ಹೇಳಬೇಕಾಗಿಲ್ಲ. ಎರಡು ಗುಡ್ಡದ ನಡುವೆ ಒಂದು ಏರಿ, ಅದಕ್ಕೆ ಸಿದ್ಧನ ತೂಬು, ಬಸವನ ತೂಬು ಅಂತ ಎರಡು ತೂಬು. ತೂಬು ಎತ್ತಿದ್ರೆ ಕಾಲುವೆಗೆ ಬರ್ತೈತೆ, ಕಾಲುವೆಯಿಂದ ಗದ್ದೆಗೆ, ತೋಟಕ್ಕೆ. ಪ್ರತಿಯೊಬ್ಬನೂ ತನ್ನ ತನ್ನ ಹೊಲಕ್ಕೆ ಕೊಡದಾಗೆ ನೀರು ಹೊರಾಕೆ ಹೋದ್ರೆ ನಾಟಿ ಆಗ್ತದಾ? ನಾವು ಕಂಪ್ಯೂಟರಿನಾಗೆ ಮಾಡ್ತಿರೋದು ಹಂಗೇ. ಬ್ರೌಸರಿಗೆ ಬ್ಯಾರೆ ಹೊಂದಿಸು, ಮೇಲ್‌ಗೆ ಬ್ಯಾರೆ, ಎಡಿಟರಿಗೆ ಬ್ಯಾರೆ.

ತೂಬು ಇಲ್ಲದ್ದೇನಲ್ಲ, ಇಟ್ಟಾರೆ. ವಿಂಡೋಸ್ 10ಕ್ಕೆ 2016ರಾಗೆ, ಮ್ಯಾಕ್‌ಗೆ 2018ರಾಗೆ ಡಾರ್ಕ್ ಮೋಡ್ ಬಂತು. 2022ರಾಗೆ ಗ್ನೋಮ್ 42 ಬಂದಾಗ ನಮ್ಮ ಲಿನಕ್ಸ್‌ನಾಗೂ ಎಲ್ಲಾ ಅಪ್ಲಿಕೇಶನ್‌ಗೂ ಕೇಳಿಸೋ ಹಂಗೆ "ಕಪ್ಪು ಬೇಕು" ಅನ್ನೋ ಒಂದೇ ಸೂಚನೆ ಬಂತು. ವಿಎಸ್ ಕೋಡ್‌ನಾಗೆ ಅದನ್ನ ಕೇಳಿಸ್ಕಳ್ಳೋ ಕಿವಿ 2020ರ ಸುಮಾರಿನಿಂದ ಐತೆ. ಸೆಟ್ಟಿಂಗ್ಸ್‌ನಾಗೆ ಆಟೋ ಡಿಟೆಕ್ಟ್ ಕಲರ್ ಸ್ಕೀಮ್ ಅಂತ ಹುಡುಕ್ರಿ, ಟಿಕ್ ಹಾಕ್ರಿ. ಕೆಳಗೆ ಹಗಲಿಗೆ ಯಾವ ಥೀಮ್, ಕತ್ತಲಿಗೆ ಯಾವ ಥೀಮ್ ಅಂತ ಎರಡು ಕೇಳ್ತೈತೆ, ಆರಿಸ್ರಿ. ಕಿಟಕಿಯ ಮ್ಯಾಲಿನ ಪಟ್ಟಿ ಎಡಿಟರಿನದ್ದು ಬೇಕಾ, ಮನೆಯದ್ದು ಬೇಕಾ ಅಂತ ಟೈಟಲ್ ಬಾರ್ ಸ್ಟೈಲ್ ಕೇಳ್ತೈತೆ. ನೇಟಿವ್ ಅಂತ ಹಾಕಿದ್ರೆ ಮುಚ್ಚೋ ಗುಂಡಿ ಎಲ್ಲಾ ಕಿಟಕಿಯಾಗೂ ಒಂದೇ ಥರ ಕಾಣ್ತೈತೆ. ಮುಗೀತು. ಅವತ್ತಿಂದ ಹೊತ್ತು ಮುಳುಗಿದ ಮ್ಯಾಲೆ ಉಬುಂಟುವಿನ ಒಂದು ಗುಂಡಿ ಒತ್ತಿದ್ರೆ ಇಡೀ ಮನೆಗೆ ರಾತ್ರಿ ಆಗ್ತೈತೆ. ಇದಕ್ಕೆ ಹಿಡಿದದ್ದು ಹತ್ತು ನಿಮಿಷ. ಆದ್ರೆ ನಾನು ಹಾಕ್ಕಂಡಾಗ ಆ ಟಿಕ್ ಇರ್ಲಿಲ್ಲ, ನಾನೇ ಹುಡುಕಿ ಹಾಕಬೇಕಾಯ್ತು. ಕಿವಿ ಕೊಟ್ಟು ಅದಕ್ಕೆ ಅರಳೆ ತುರುಕಿ ಯಾಕೆ ಕಳಿಸ್ತಾರೋ, ಅದು ನನ್ನ ಮೊದಲನೇ ಸಿಟ್ಟು.

ಎರಡನೇ ಸಿಟ್ಟು ಇದಕ್ಕಿಂತ ದೊಡ್ಡದು.

ಎರಡು ವರ್ಷದ ಹಿಂದೆ ಮಗಳು ಪಿಯುಸಿ ರಜೆಯಾಗೆ ಪೈಥಾನ್ ಕಲೀತೀನಿ ಅಂದ್ಲು. ಅಡಿಕೆ ಸುಲಿಯಾಕೆ ಬರೋ ಹೆಣ್ಣುಮಕ್ಕಳ ಕೂಲಿ ಲೆಕ್ಕ ನಮ್ಮ ಅತ್ತೆಮ್ಮ ಒಂದು ಉದ್ದನೇ ನೋಟ್‌ಬುಕ್ಕಿನಾಗೆ ಬರೀತಾರೆ. ಯಾರು ಯಾವತ್ತು ಬಂದ್ರು, ಎಷ್ಟು ಕೆ.ಜಿ. ಸುಲಿದ್ರು, ಕೈಸಾಲ ಎಷ್ಟು ತಗಂಡ್ರು, ಎಲ್ಲಾ. ಅದನ್ನೇ ಪ್ರೋಗ್ರಾಂ ಮಾಡ್ತೀನಿ ಅಂತ ಇವಳು. ನನಗೆ ಖುಷಿ ಆಯ್ತು. ಹೆಸರೆಲ್ಲ ಕನ್ನಡದಾಗೆ, ಟಿಪ್ಪಣಿ ಕನ್ನಡದಾಗೆ ಬರೆದ್ಲು. ಮೂರು ದಿನ ಬರೆದ್ಲು. ನಾಲ್ಕನೇ ದಿನ ನೋಡಿದ್ರೆ ಎಲ್ಲಾ ಅಳಿಸಿ ಇಂಗ್ಲಿಷ್ ಅಕ್ಷರದಾಗೆ ಕನ್ನಡ ಬರೆಯಾಕೆ ಶುರು ಮಾಡ್ಯಾಳೆ. "ಯಾಕವ್ವಾ?" ಅಂದೆ. "ಅಮ್ಮಾ, ಇದ್ರಾಗೆ ಕನ್ನಡ ಕೊಳಕಾಗಿ ಕಾಣ್ತೈತೆ. ಕೋಡ್‌ಗೆ ಕನ್ನಡ ಹೊಂದಲ್ಲ ಬಿಡು" ಅಂದ್ಲು.

ನಾನೇನಂದೆ ಗೊತ್ತಾ? "ಕಾಣೋದು ಬಿಡು, ಕ್ಯಾಮೆ ನೋಡು" ಅಂದೆ. ಮೈದುನ ಹೋದ ವಾರ ನನಗೆ ಅಂದದ್ದನ್ನೇ, ಹೆಚ್ಚೂ ಇಲ್ಲ ಕಡಿಮೇನೂ ಇಲ್ಲ. ಕೂಸು ಕನ್ನಡ ಬಿಟ್ಲು, ಆಮ್ಯಾಲೆ ಆ ಪ್ರೋಗ್ರಾಮನ್ನೂ ಬಿಟ್ಲು. ಅಜ್ಜಿ ಓದಾಕೆ ಬರದ ಲೆಕ್ಕದ ಪ್ರೋಗ್ರಾಂ ಯಾರಿಗೆ ಬೇಕು?

ಹೋದ ತಿಂಗಳು ಆ ಹಳೇ ಫೈಲ್ ತಗದು ನೋಡಿದೆ. ಕೊಳಕಾಗಿ ಕಾಣ್ತೈತೆ ಅಂದದ್ದು ಸುಳ್ಳಲ್ಲ. ಆದ್ರೆ ಅದು ಕನ್ನಡದ ತಪ್ಪಲ್ಲ.

ಎಡಿಟರಿಗೆ ಮೊದಲೇ ಕೊಟ್ಟಿರೋ ಅಕ್ಷರ ವಿಂಡೋಸ್‌ನಾಗೆ ಕನ್ಸೋಲಾಸ್, ಮ್ಯಾಕ್‌ನಾಗೆ ಮೆನ್ಲೋ, ಲಿನಕ್ಸ್‌ನಾಗೆ ಡ್ರಾಯ್ಡ್ ಸ್ಯಾನ್ಸ್ ಮೋನೋ. ಮೂರರಾಗೂ ಕನ್ನಡ ಇಲ್ಲ. ಕನ್ನಡ ಬಂದ ಕೂಡ್ಲೆ ಎಡಿಟರ್ ಆಪರೇಟಿಂಗ್ ಸಿಸ್ಟಮಿನ ಹತ್ರ ಸಾಲ ಕೇಳ್ತೈತೆ. ಸಿಕ್ಕದ್ದನ್ನ ತಂದು ತನ್ನ ಸಾಲಿನಾಗೆ ತುರುಕ್ತೈತೆ. ಆ ಸಾಲಿನ ಎತ್ತರ ಇಂಗ್ಲಿಷ್ ಅಕ್ಷರಕ್ಕೆ ಅಳತೆ ಮಾಡಿದ್ದು. ನಮ್ಮ ಒತ್ತಕ್ಷರ ಕೆಳಗೆ ಇಳಿಯೋದು, ಗುಡಿಸು ಮ್ಯಾಲೆ ಏರೋದು. "ಸುಲಿದದ್ದು", "ಕೊಟ್ಟದ್ದು" ಅಂತ ಬರೆದ್ರೆ ಒತ್ತು ಕೆಳಗಿನ ಸಾಲಿನ ತಲೆ ತುಳೀತೈತೆ. ಅದರ ಮ್ಯಾಲೆ ಎಷ್ಟೋ ಥೀಮಿನಾಗೆ ಟಿಪ್ಪಣಿಯನ್ನ ಬೂದಿ ಬಣ್ಣದಾಗೆ, ಓರೆ ಅಕ್ಷರದಾಗೆ ತೋರಿಸ್ತಾರೆ. ಕನ್ನಡಕ್ಕೆ ಓರೆ ಅಕ್ಷರ ಅಂತ ಪ್ರತ್ಯೇಕ ಎಲ್ಲಿಂದ ತರ್ತೀರಿ? ಇರೋದನ್ನೇ ಹಿಡಿದು ಬಗ್ಗಿಸ್ತಾರೆ. ಗಾಳಿಗೆ ಬಿದ್ದ ಜೋಳದ ಹೊಲ ಇದ್ದಂಗೆ ಕಾಣ್ತೈತೆ. ಹದಿನೇಳರ ಹುಡುಗಿ ಅದನ್ನ ನೋಡಿ ತನ್ನ ಭಾಷೆ ಕೊಳಕು ಅನ್ಕಂಡ್ಲು. ತಾಯಿ ಆದವಳು ಪಕ್ಕದಾಗೇ ಕೂತು, ಹದಿನೈದು ವರ್ಷ ಇದೇ ಕಸುಬು ಮಾಡಿ, ಕಾಣೋದು ಬಿಡು ಅಂದೆ.

ಥೀಮ್ ಮಾಡೋರು ಆಪರೇಟಿಂಗ್ ಸಿಸ್ಟಮಿಗೆ ಹೊಂದೋ ಹಂಗೆ ಮಾಡೀವಿ ಅಂತಾರೆ. ಬಣ್ಣ ಹೊಂದ್ತೈತೆ, ಪಟ್ಟಿ ಹೊಂದ್ತೈತೆ, ಅಂಚಿನ ದುಂಡು ಹೊಂದ್ತೈತೆ. ಅಕ್ಷರ ಹೊಂದಲ್ಲ. ಅದೇ ಉಬುಂಟುವಿನ ಫೈಲ್ ಕಿಟಕಿಯಾಗೆ, ಅದೇ ಬ್ರೌಸರಿನಾಗೆ ಕನ್ನಡ ಚಂದ ಕಾಣ್ತೈತೆ. ಪಡಸಾಲ್ಯಾಗೆ ಮರ್ಯಾದೆಯಿಂದ ಕೂತವಳು ಈ ಕೋಣೆಗೆ ಬಂದ ಕೂಡ್ಲೆ ಯಾಕೆ ಮುದುರಿ ಮೂಲೆ ಸೇರಬೇಕು? ಆಪರೇಟಿಂಗ್ ಸಿಸ್ಟಮಿನಾಗೆ ಕನ್ನಡ ಕೂರಬೇಕು ಅಂತ ಎಷ್ಟು ಜನ ಎಷ್ಟು ವರ್ಷ ದುಡಿದಾರೆ ನೋಡ್ರಿ. ಬರಹ 1998ರಾಗೆ ಬಂತು, ಕನ್ನಡ ಗಣಕ ಪರಿಷತ್ತಿನೋರು ನುಡಿ ಮಾಡಿದ್ರು, ವಿಂಡೋಸ್ ಎಕ್ಸ್‌ಪಿ ತುಂಗಾ ಫಾಂಟ್ ತಂತು, ವಿಂಡೋಸ್ 8 ನಿರ್ಮಲಾ ತಂತು, ಲಿನಕ್ಸ್‌ಗೆ ಗುಬ್ಬಿ, ನವಿಲು ಅಂತ ಫಾಂಟ್ ಮಾಡಿ ಪುಕ್ಕಟೆ ಕೊಟ್ಟೋರು ಇದಾರೆ. ನೋಟೋ ಅಂತ ಗೂಗಲ್‌ದು ಐತಲ್ಲ, ಅಕ್ಷರದ ಬದ್ಲಿ ಡಬ್ಬಿ ಡಬ್ಬಿ ಕಾಣಬಾರದು ಅಂತಲೇ ಆ ಹೆಸರು ಇಟ್ಟದ್ದು. ಇಷ್ಟೆಲ್ಲ ಆದ ಮ್ಯಾಲೆ ಕೊನೇ ಬಾಗಿಲಾಗೆ ಬಂದು ನಾವೇ "ಬಣ್ಣ ಬಳಿಯೋದು ಟೈಮ್ ವೇಸ್ಟ್" ಅಂತೀವಿ.

ಸರಿ ಮಾಡಿದ್ದು ಹೆಂಗೆ ಅಂತ ಬರೆದಿಡ್ತೀನಿ, ಯಾರಿಗಾದ್ರೂ ಬೇಕಾಗಬಹುದು. ಫಾಂಟ್ ಫ್ಯಾಮಿಲಿ ಅನ್ನೋ ಕಡೆ ಮೊದಲು ಉಬುಂಟು ಮೋನೋ, ಅಲ್ಪವಿರಾಮ, ಆಮ್ಯಾಲೆ ನೋಟೋ ಸ್ಯಾನ್ಸ್ ಕನ್ನಡ, ಮತ್ತೆ ಅಲ್ಪವಿರಾಮ, ಕೊನೆಗೆ ಮೋನೋಸ್ಪೇಸ್ ಅಂತ ಹಾಕಿದೆ. ಎರಡನೇದನ್ನ ನಾವೇ ಹೇಳಿದ್ರೆ ಸಿಕ್ಕಸಿಕ್ಕದ್ದು ಸಾಲ ತರೋದು ತಪ್ತೈತೆ. ಅಕ್ಷರದ ಗಾತ್ರ 14 ಇದ್ದದ್ದು 15 ಮಾಡಿದೆ. ಲೈನ್ ಹೈಟ್ 1.8 ಅಂತ ಕೊಟ್ಟೆ, ಅಂದ್ರೆ ಅಕ್ಷರದ ಗಾತ್ರಕ್ಕೆ ಅಷ್ಟು ಪಟ್ಟು ಸಾಲಿನ ಎತ್ತರ. ಒತ್ತಕ್ಷರಕ್ಕೆ ಉಸಿರಾಡಾಕೆ ಜಾಗ ಸಿಕ್ತು. ಟಿಪ್ಪಣಿಯ ಓರೆ ತಗದು ನೆಟ್ಟಗೆ ಮಾಡಿದೆ, ಬೂದಿ ಬಣ್ಣ ಗಾಢ ಮಾಡಿದೆ. ಅಕ್ಷರಕ್ಕೂ ಹಿನ್ನೆಲೆಗೂ ಕನಿಷ್ಠ 4.5ಕ್ಕೆ 1ರಷ್ಟು ಬೆಳಕಿನ ಅಂತರ ಇರಬೇಕು ಅಂತ ವೆಬ್ ಪುಟಗಳಿಗೆ ಒಂದು ಅಳತೆ ಐತೆ. ಟಿಪ್ಪಣಿಯ ಬಣ್ಣ ಅಳೆದು ನೋಡ್ರಿ, ಎಷ್ಟೋ ಹೆಸರುವಾಸಿ ಥೀಮು ಅದನ್ನ ಮುಟ್ಟಲ್ಲ.

ಒಂದು ಕಡೆ ಸೋತೆ, ಮುಚ್ಚಿಡಲ್ಲ. ಎಡಿಟರಿನ ಕೆಳಗೆ ಟರ್ಮಿನಲ್ ಅಂತ ಐತಲ್ಲ, ಪ್ರೋಗ್ರಾಂ ಓಡಿಸಿದ್ರೆ ಉತ್ತರ ಬರೋ ಜಾಗ, ಅದು ಚೌಕಳಿ ಹಾಳೆ ಇದ್ದಂಗೆ. ಒಂದು ಮನೆಗೆ ಒಂದು ಅಕ್ಷರ. ನಮ್ಮ ಒತ್ತಕ್ಷರ ಒಂದು ಮನೆಯಾಗೆ ಕೂರಲ್ಲ, ಕಾಲು ಬ್ಯಾರೆ ತಲೆ ಬ್ಯಾರೆ ಆಗ್ತೈತೆ. ಅತ್ತೆಮ್ಮನ್ನ ಕರೆದು ತೋರಿಸಿದ್ರೆ ಕನ್ನಡಕ ಏರಿಸಿ ನೋಡಿ, "ಇದೇನವ್ವಾ, ಅಕ್ಷರದ ಕಾಲು ಮುರಿದು ಕೂರ್ಸೀರಿ" ಅಂದ್ರು. ಅದಕ್ಕೆ ಉತ್ತರ ಟರ್ಮಿನಲ್‌ಗೆ ಬ್ಯಾಡ ಅಂತ, ಲೆಕ್ಕ ಎಲ್ಲಾ ಒಂದು ಪುಟ ಆಗಿ ಬ್ರೌಸರಿನಾಗೆ ತೆರೆಯೋ ಹಂಗೆ ಬದ್ಲಿ ಮಾಡಿದ್ವಿ.

ಇನ್ನೊಂದು ಕಡೆಯೋರಿಗೂ ಎರಡು ಮಾತು ಹೇಳದೆ ಬಿಡಲ್ಲ. ಬಣ್ಣದ ಹುಚ್ಚು ಹಿಡಿದೋರು ಇದಾರೆ. ನಲವತ್ತು ಥೀಮ್ ಇಳಿಸ್ಕಂಡು ವಾರಕ್ಕೊಂದು ಹಾಕೋದು, ಐಕಾನ್ ಬ್ಯಾರೆ, ಹಿಂದೆ ಬೆಟ್ಟದ ಚಿತ್ರ ಬ್ಯಾರೆ. ಅದು ನಾನು ಹೇಳ್ತಿರೋದರ ಉಲ್ಟಾ. ಹೊಂದಿಸೋದು ಅಂದ್ರೆ ಒಂದು ಸಲ ಹೊಂದಿಸಿ ಮರೆಯೋದು. ಗಿಟ್‌ಹಬ್‌ನೋರು 2014ರಾಗೆ ಆಟಮ್ ಅಂತ ಎಡಿಟರ್ ತಂದಿದ್ರು. ಮೂಲೆ ಮೂಲೆಯನ್ನೂ ಬೇಕಾದಂಗೆ ಬದಲಿಸಬಹುದು ಅಂತಲೇ ಅದರ ಹೆಸರು. ನಾನೂ ತಿಂಗಳುಗಟ್ಟಲೆ ಅದಕ್ಕೆ ಸೀರೆ ಉಡಿಸಿದ್ದೆ. 2022ರ ಡಿಸೆಂಬರ್ 15ಕ್ಕೆ ಅದನ್ನ ನಿಲ್ಲಿಸೇಬಿಟ್ರು. ಉಡಿಸಿದ ಸೀರೆ ಎಲ್ಲಾ ಹೋಯ್ತು. ಈಗ ನಾನು ಬರೆದಿಟ್ಟಿರೋದು ಒಂದು ಹತ್ತು ಸಾಲು. ನಾಳೆ ಇನ್ಯಾವುದೋ ಎಡಿಟರ್ ಬಂದ್ರೂ ಮನೆಯ ಮಾತು ಕೇಳು ಅಂತ ಅದಕ್ಕೂ ಹೇಳೋದು, ಅಷ್ಟೇ.

ನಮ್ಮ ಕೆರೆಗೆ ಬೋರ್ಡಿನಾಗೆ ಶಾಂತಿಸಾಗರ ಅಂತ ಬರೆದಾರೆ. ಬಸ್ಸಿನಾಗೆ ಕಂಡಕ್ಟರ್ ಹತ್ರ ಸೂಳೆಕೆರೆ ಅಂತಲೇ ಎಲ್ಲಾರೂ ಟಿಕೆಟ್ ಕೇಳ್ತಾರೆ. ಮೈದುನ ಇದನ್ನೇ ಹಿಡ್ಕಂಡ. "ನೋಡ್ರಿ, ಬೋರ್ಡ್ ಬದ್ಲಿ ಮಾಡಿದ್ರೆ ಏನಾತು? ಹಂಗೇ ನಿಮ್ಮ ಥೀಮೂ" ಅಂದ. ಬೋರ್ಡು ನೋಡೋರಿಗೆ ಬರೆದದ್ದಪ್ಪಾ, ನೀನು ಜಂಬಕ್ಕೆ ಹಾಕ್ಕಂಡಿರೋ ಕರೀ ಥೀಮ್ ಇದ್ದಂಗೆ. ನಾನು ಹೊಂದಿಸಿದ್ದು ಒಳಗೆ ಕೂತು ದುಡಿಯೋರಿಗೆ.

ಮೊನ್ನೆ ಮಗಳು ರಜಕ್ಕೆ ಬಂದಿದ್ಲು. ಏನೂ ಹೇಳದೆ ಆ ಫೈಲ್ ತೆರೆದು ಮುಂದೆ ಇಟ್ಟೆ. ಸುಮ್ಮನೆ ನೋಡಿದ್ಲು. "ಇದು ಅದೇನಾ?" ಅಂದ್ಲು. ಆಮ್ಯಾಲೆ ಇಂಗ್ಲಿಷ್ ಅಕ್ಷರದಾಗೆ ಬರೆದಿದ್ದ ಹೆಸರುಗಳನ್ನ ಒಂದೊಂದೇ ಕನ್ನಡಕ್ಕೆ ತಿದ್ದಾಕೆ ಕೂತ್ಲು. ರಾತ್ರಿ ಊಟ ಆದ ಮ್ಯಾಲೆ ಲೆಕ್ಕದ ಪುಟ ತೆರೆದು ಅಜ್ಜಿ ಮುಂದೆ ಹಿಡಿದ್ಲು. ಅತ್ತೆಮ್ಮ ಬೆರಳು ಇಟ್ಕಂಡು ಸಾಲು ಸಾಲೂ ಓದ್ತಾ ಬಂದು ಒಂದು ಕಡೆ ನಿಂತ್ರು.

"ಈಕಿ ಮಂಗಳವಾರನೂ ಬಂದಿದ್ಲು, ನೀನು ಹಾಕೇ ಇಲ್ಲ. ಇಪ್ಪತ್ತೆರಡು ಕೆ.ಜಿ. ಸುಲಿದಾಳೆ, ಬರ್ಕ."

ಬರ್ಕಂಡ್ಲು.